ಒಂದು ತತ್ತಿಗೆ ಎರಡು ತತ್ತಿಯ ಸಿಪ್ಪೆ

ಅವ್ವ ಒಂದು ದಿನ ಬೆಳಗ್ಗೆ ಹಿತ್ತಲಿನಿಂದ ಕೂಗಿದಳು. "ಇಲ್ಲಿ ಬಾ, ಹ್ಯಾಟಿ ಎಂಥಾ ತತ್ತಿ ಇಟ್ಟೈತಿ ನೋಡು." ಹೋಗಿ ನೋಡಿದರೆ ಅವಳ ಅಂಗೈ ಮೇಲೆ ತತ್ತಿ ಇತ್ತು, ಸಿಪ್ಪೆ ಇರಲಿಲ್ಲ. ತೆಳ್ಳಗಿನ ಪೊರೆಯೊಳಗೆ ಎಲ್ಲಾ ತುಂಬಿಕೊಂಡಿತ್ತು. ಬೆರಳಲ್ಲಿ ಒತ್ತಿದರೆ ತಗ್ಗಾಗುತ್ತಿತ್ತು, ಬಿಟ್ಟರೆ ನಿಧಾನಕ್ಕೆ ಮತ್ತೆ ಉಬ್ಬುತ್ತಿತ್ತು. ಬಿಸಿಲಿಗೆ ಹಿಡಿದಾಗ ಒಳಗಿನ ಹಳದಿ ಅತ್ತಿತ್ತ ಸರಿದಾಡುವುದು ಕಾಣಿಸಿತು.

ಪಕ್ಕದ ಮನೆ ಅಕ್ಕ ಕಾಂಪೌಂಡಿನ ಆಚೆಯಿಂದಲೇ ನೋಡಿ, "ಯಾರದರ ಕಣ್ಣ ಬಿದ್ದಿರಬೇಕ್ರೀ" ಅಂದರು. ಅವ್ವ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಆದರೆ ವಾರದೊಳಗೆ ಅಂಥವೇ ಮೂರು ಬಂದವು. ಉಳಿದ ತತ್ತಿಗಳೂ ಬುಟ್ಟಿಗೆ ಹಾಕುವಾಗಲೇ ಚಿಟ್ ಅನ್ನುವಷ್ಟು ತೆಳ್ಳಗಿದ್ದವು.

ಅವ್ವ ನಲವತ್ತು ವರ್ಷದಿಂದ ಕೋಳಿ ಸಾಕಿದವಳು. ಹಳ್ಳಿಯಲ್ಲಿದ್ದಾಗ ಇಂಥ ತತ್ತಿ ಎಲ್ಲೋ ಅಪರೂಪಕ್ಕೆ ಒಂದು ಕಂಡಿರಬಹುದು. ಇಲ್ಲಿ ಬಾಗಲಕೋಟೆಯ ನವನಗರಕ್ಕೆ ಬಂದ ಮೇಲೆ ಮಾತ್ರ ಯಾಕೆ ಹೀಗೆ? ಕೋಳಿಗಳನ್ನು ಬಿಟ್ಟು ಬೇರೆಲ್ಲಾ ಬದಲಾಗಿತ್ತು, ಅದೇ ಕಾರಣ. ಹಳ್ಳಿಯಲ್ಲಿ ಬೆಳಗ್ಗೆ ಗೂಡಿನ ಬಾಗಿಲು ತೆಗೆದರೆ ಕೋಳಿಗಳು ತಿಪ್ಪೆ, ಹೊಲದ ಬದು, ಹಳೇ ಗೋಡೆಯ ಬುಡ ಅಂತ ಸುತ್ತಾಡಿ ಸಂಜೆ ಬರುತ್ತಿದ್ದವು. ಹುಳ, ಬಸವನಹುಳುವಿನ ಚಿಪ್ಪು, ಎರೆ ಹೊಲದಲ್ಲಿ ಸಿಗುವ ಬಿಳಿ ಸುಣ್ಣದ ಹರಳು, ಉದುರಿದ ಸುಣ್ಣದ ಹಕ್ಕಳೆ, ಎಲ್ಲಾ ಹೆಕ್ಕುತ್ತಿದ್ದವು. ಇಲ್ಲಿ ನಾಲ್ಕು ಹೆಜ್ಜೆ ಅಗಲದ ಜಾಳಿಗೆ, ಕೆಳಗೆ ಸಿಮೆಂಟು. ತಿನ್ನಲು ಜೋಳ, ರೊಟ್ಟಿ ಚೂರು, ಉಳಿದ ಅನ್ನ. ಹೊಟ್ಟೆ ತುಂಬುತ್ತಿತ್ತು, ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ಸಿಗುತ್ತಿರಲಿಲ್ಲ.

ಇದರ ಲೆಕ್ಕ ನೋಡಿದರೆ ನಗು ಬರುತ್ತದೆ. ಅಂಗಡಿಯ ಒಂದು ತತ್ತಿಯ ಸಿಪ್ಪೆ ಒಣಗಿದ ಮೇಲೆ 5ರಿಂದ 6 ಗ್ರಾಂ ತೂಗುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಎಲ್ಲಾ, ಅಂದರೆ ನೂರಕ್ಕೆ 94-95 ಪಾಲು, ಕ್ಯಾಲ್ಸಿಯಂ ಕಾರ್ಬೊನೇಟ್. ಆ ಕಾರ್ಬೊನೇಟಿನಲ್ಲಿ ಶುದ್ಧ ಕ್ಯಾಲ್ಸಿಯಂ ನೂರಕ್ಕೆ 40. ಒಟ್ಟಾರೆ ಒಂದು ಸಿಪ್ಪೆಯಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಜೋಳದಲ್ಲಿ ಎಷ್ಟಿರುತ್ತದೆ? 100 ಗ್ರಾಂಗೆ 25-30 ಮಿಲಿಗ್ರಾಂ. ಬರೀ ಜೋಳ ತಿಂದು ಒಂದು ಸಿಪ್ಪೆ ಕಟ್ಟಬೇಕೆಂದರೆ ಕೋಳಿ 7 ಕಿಲೋ ಜೋಳ ತಿನ್ನಬೇಕು! ಅದು ದಿನಕ್ಕೆ ತಿನ್ನುವುದು 100-120 ಗ್ರಾಂ. ಗೋವಿನಜೋಳ, ಅಕ್ಕಿಯಲ್ಲಿ ಇನ್ನೂ ಕಡಿಮೆ. ರಾಗಿಯಲ್ಲಿ ಜೋಳದ ಹತ್ತು ಪಟ್ಟಿಗೂ ಜಾಸ್ತಿ ಇದೆ, ಅದನ್ನೇ ಹಾಕಿದರೂ ಸಾಲುವುದಿಲ್ಲ.

ಹಾಗಾದರೆ ಇಷ್ಟು ದಿನ ಸಿಪ್ಪೆ ಎಲ್ಲಿಂದ ಬರುತ್ತಿತ್ತು? ಎಲುಬಿನಿಂದ. ಒಂದು ಕೋಳಿಯ ಮೈಯಲ್ಲಿರುವ ಒಟ್ಟು ಕ್ಯಾಲ್ಸಿಯಂ ಸುಮಾರು 20 ಗ್ರಾಂ. ಪ್ರತಿ ತತ್ತಿಗೂ ಅದರ ಹತ್ತನೇ ಒಂದು ಪಾಲು ಹೊರಗೆ ಹೋಗುತ್ತದೆ. ತತ್ತಿ ಇಡುವ ವಯಸ್ಸಿಗೆ ಬರುವಾಗ ಹ್ಯಾಟೆಯ ಎಲುಬಿನ ಪೊಳ್ಳಿನೊಳಗೆ ಒಂದು ವಿಶೇಷ ಬಗೆಯ ಮೆತ್ತನೆಯ ಎಲುಬು ಬೆಳೆಯುತ್ತದೆ. ಹುಂಜಕ್ಕೆ ಇದು ಇರುವುದಿಲ್ಲ. ಇದರ ಕೆಲಸ ಕ್ಯಾಲ್ಸಿಯಂ ಕೂಡಿಟ್ಟು, ಬೇಕಾದಾಗ ಕೊಡುವುದು. ತಿಂದದ್ದು ಸಾಲದಿದ್ದರೆ ಇಲ್ಲಿಂದ ಸಾಲ. ಸಾಲ ತೀರಿಸದೆ ತೆಗೆಯುತ್ತಲೇ ಹೋದರೆ ಮೊದಲು ಸಿಪ್ಪೆ ತೆಳ್ಳಗಾಗುತ್ತದೆ, ಆಮೇಲೆ ಸಿಪ್ಪೆಯೇ ಇಲ್ಲದ ತತ್ತಿ ಬರುತ್ತದೆ, ಕೊನೆಗೆ ಕೋಳಿಯ ಕಾಲು ಸೋತು ಕುಂತಲ್ಲೇ ಕೂರುತ್ತದೆ. ನಮ್ಮದು ಎರಡನೇ ಹಂತದಲ್ಲಿತ್ತು. ಸಾಲ ತೀರಿಸಲು ನಾವು ಹಿಡಿದ ದಾರಿ, ತತ್ತಿಯ ಸಿಪ್ಪೆಯನ್ನೇ ಕೂಡಿಟ್ಟು, ಕುಟ್ಟಿ ಕೋಳಿಗೆ ಹಾಕುವುದು.

ಇನ್ನೊಂದು ಸಂಗತಿ ನನಗೂ ಮೊದಲು ಗೊತ್ತಿರಲಿಲ್ಲ. ತತ್ತಿ ತಯಾರಾಗಲು ಒಂದು ದಿನಕ್ಕಿಂತ ಸ್ವಲ್ಪ ಜಾಸ್ತಿ ಹೊತ್ತು ಬೇಕು. ಬಿಳಿಯ ಲೋಳೆ, ಪೊರೆ ಎಲ್ಲಾ ನಾಲ್ಕೈದು ತಾಸಿನಲ್ಲಿ ಮುಗಿಯುತ್ತವೆ. ಉಳಿದ ಸುಮಾರು 20 ತಾಸು ಬರೀ ಸಿಪ್ಪೆ ಕಟ್ಟುವ ಕೆಲಸ. ಅದರಲ್ಲಿ ಹೆಚ್ಚಿನದು ರಾತ್ರಿ, ಕೋಳಿ ಗೂಡಲ್ಲಿ ಕುಂತು ತೂಕಡಿಸುತ್ತಿರುವಾಗ ನಡೆಯುತ್ತದೆ. ಆಗ ಅದು ಏನೂ ತಿನ್ನುತ್ತಿರುವುದಿಲ್ಲ ಅಲ್ವಾ? ಸಂಜೆ ಹೊಟ್ಟೆಗೆ ಹೋದದ್ದು ಬೆಳಗಿನವರೆಗೂ ಸ್ವಲ್ಪ ಸ್ವಲ್ಪವೇ ಕರಗುತ್ತಾ ಬರಬೇಕು. ಇದನ್ನು ನೆನಪಿಟ್ಟುಕೊಳ್ಳಿ, ಸಿಪ್ಪೆಯನ್ನು ಎಷ್ಟು ದಪ್ಪ ಕುಟ್ಟಬೇಕು ಅನ್ನುವುದು ಇದರ ಮೇಲೇ ನಿಂತಿದೆ.

ಸಿಪ್ಪೆ ಹೊಟ್ಟೆಯಲ್ಲಿ ಕರಗುವುದನ್ನು ಮನೆಯಲ್ಲೇ ನೋಡಬಹುದು. ಒಂದು ಲೋಟದಲ್ಲಿ ವಿನೆಗರ್ ಹಾಕಿ ಹಸಿ ತತ್ತಿ ಮುಳುಗಿಸಿ. ತಕ್ಷಣ ಸಿಪ್ಪೆಯ ಮೇಲೆಲ್ಲಾ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ, ಸೋಡಾ ಬಾಟಲಿ ತೆಗೆದ ಹಾಗೆ. ಒಂದೆರಡು ದಿನ ಬಿಟ್ಟು ಕೈ ಹಾಕಿದರೆ ಸಿಪ್ಪೆ ಮಾಯ, ಪೊರೆಯೊಳಗೆ ತತ್ತಿ ಜೋಲಾಡುತ್ತಿರುತ್ತದೆ. ಅವ್ವನ ಅಂಗೈ ಮೇಲೆ ಇದ್ದದ್ದು ಥೇಟ್ ಇದೇ. ಕೋಳಿಯ ಹೊಟ್ಟೆಯಲ್ಲಿ ವಿನೆಗರಿಗಿಂತ ಜೋರಾದ ಹುಳಿ ಇದೆ. ಹಾಗಾಗಿ ಸಿಪ್ಪೆ ತಿಂದರೆ ಜೀರ್ಣವಾಗುತ್ತೋ ಇಲ್ಲವೋ ಅನ್ನುವ ಚಿಂತೆ ಬೇಡ.

ಈಗ ಮುಖ್ಯ ಮಾತು. ತುಂಬಾ ಜನ ತಿಳಿದುಕೊಂಡಿರುವುದು ಹೀಗೆ: ಮನೆ ಕೋಳಿಯ ತತ್ತಿ ತಿಂದು, ಅದರ ಸಿಪ್ಪೆಯನ್ನು ಅದಕ್ಕೇ ವಾಪಸ್ ಹಾಕಿದರೆ ಲೆಕ್ಕ ಚುಕ್ತಾ. ಆಗುವುದಿಲ್ಲ. ಕೋಳಿ ತಿಂದ ಕ್ಯಾಲ್ಸಿಯಂನಲ್ಲಿ ಹೆಚ್ಚುಕಡಿಮೆ ಅರ್ಧ ಮಾತ್ರ ಮೈಗೆ ಹತ್ತುತ್ತದೆ, ಉಳಿದರ್ಧ ಹಿಕ್ಕೆಯಲ್ಲಿ ಹೋಗುತ್ತದೆ. 2 ಗ್ರಾಂ ಕ್ಯಾಲ್ಸಿಯಂ ಸಿಪ್ಪೆಗೆ ಸೇರಬೇಕಾದರೆ 4 ಗ್ರಾಂ ತಿನ್ನಬೇಕು. ಅಂದರೆ ಒಂದು ತತ್ತಿ ಇಡಲು ಎರಡು ತತ್ತಿಯ ಸಿಪ್ಪೆ ಬೇಕು. ನಮ್ಮ ಗಿರಿರಾಜ ತಳಿಯ ನಾಲ್ಕು ಹ್ಯಾಟೆ ವಾರಕ್ಕೆ ಹನ್ನೆರಡು ತತ್ತಿ ಇಟ್ಟರೆ ಇಪ್ಪತ್ತನಾಲ್ಕು ಸಿಪ್ಪೆ ಬೇಕು. ಮನೆಯಲ್ಲಿ ಉಳಿಯುವುದು ಹೆಚ್ಚೆಂದರೆ ಹನ್ನೆರಡು. ಅದೂ ಎಲ್ಲಾ ನಾವೇ ತಿಂದರೆ! ಅವ್ವ ಅರ್ಧ ಮಾರುತ್ತಾಳೆ. ತತ್ತಿ ಮಾರಿದಾಗ ಸುಣ್ಣವೂ ಅದರ ಜೊತೆಗೇ ಮನೆ ಬಿಟ್ಟು ಹೋಗುತ್ತದೆ.

ಜವಾರಿ (ನಾಟಿ) ಕೋಳಿ ಸಾಕುವವರು ಇದನ್ನು ಓದಿ ಗಾಬರಿಯಾಗಬೇಡಿ. ಜವಾರಿ ಹ್ಯಾಟೆ ಹತ್ತು ಹನ್ನೆರಡು ತತ್ತಿ ಇಟ್ಟು ಕಾವಿಗೆ ಕೂರುತ್ತದೆ, ಆಮೇಲೆ ಮರಿ ಓಡಾಡಿಸುತ್ತಾ ತಿಂಗಳುಗಟ್ಟಲೆ ಬಿಡುವು. ಅದಕ್ಕೆ ಸಾಲ ತೀರಿಸಲು ಸಮಯ ಸಿಗುತ್ತದೆ. ಹೊರಗೆ ಅಡ್ಡಾಡಿಕೊಂಡಿದ್ದರಂತೂ ಸಿಪ್ಪೆ ಕೂಡಿಡುವ ಉಸಾಬರಿಯೇ ಬೇಡ. ಕೂಡಿ ಹಾಕಿದ, ಜಾಸ್ತಿ ತತ್ತಿ ಇಡುವ, ಮನೆಯ ಕಾಳುಕಡಿ ತಿನ್ನುವ ಕೋಳಿಗಳಿಗೆ ಇದು ಬೇಕು. ಅಂಗಡಿಯ ಲೇಯರ್ ಫೀಡ್ (ತತ್ತಿ ಇಡುವ ಕೋಳಿಗೆಂದೇ ಮಾಡಿದ ಮೇವು) ಹಾಕುವವರಿಗೂ ಅಷ್ಟಾಗಿ ಬೇಡ, ಅದರಲ್ಲಿ ನೂರಕ್ಕೆ ಮೂರೂವರೆಯಿಂದ ನಾಲ್ಕು ಪಾಲು ಕ್ಯಾಲ್ಸಿಯಂ ಸೇರಿಸಿಯೇ ಇರುತ್ತಾರೆ.

ಕಡಿಮೆ ಬಿದ್ದ ಸಿಪ್ಪೆ ಎಲ್ಲಿಂದ ತರುವುದು? ನಮಗೆ ದಾರಿ ತೋರಿಸಿದ್ದು ಶಾಲೆ. 2021ರ ಕೊನೆಯಲ್ಲಿ ವಿಜಯಪುರ ಮತ್ತು ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ತತ್ತಿ ಕೊಡಲು ಶುರು ಮಾಡಿದರು, ಮರುವರ್ಷ ಬಾಗಲಕೋಟೆ, ಬೆಳಗಾವಿ ಸೇರಿ ಉಳಿದ ಕಡೆಗೂ ಬಂತು. ಇನ್ನೂರು ಮಕ್ಕಳು ತತ್ತಿ ತಿಂದರೆ ಆ ದಿನ ಒಂದು ಕಿಲೋ ಸಿಪ್ಪೆ! ಅದೂ ಕುದಿಸಿದ್ದು. ನಮ್ಮ ಕಾಕಾನ ಮಗಳು ಶಿಕ್ಷಕಿ. ಅಡುಗೆಯವರಿಗೆ ಹೇಳಿ ತಿಂಗಳಿಗೊಮ್ಮೆ ಒಂದು ಬಕೆಟ್ ಕೊಡಿಸುತ್ತಾಳೆ. ಎಗ್‌ರೈಸ್ ಗಾಡಿಯವರ ಹತ್ತಿರವೂ ರಾಶಿ ಬಿದ್ದಿರುತ್ತದೆ, ಆದರೆ ಅದು ಹಸಿ ಸಿಪ್ಪೆ, ಯಾವ ಫಾರಂನದೋ ಏನೋ. ಬೇರೆಯವರ ಕೋಳಿಯ ಹಸಿ ಸಿಪ್ಪೆಯನ್ನು ಹಾಗೇ ತಂದು ನಮ್ಮ ಕೋಳಿಗೆ ಹಾಕುವುದೆಂದರೆ ಅಲ್ಲಿಯ ರೋಗವನ್ನು ಕರೆದು ತಂದ ಹಾಗೆ. ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಒಣಗಿದ ಸಿಪ್ಪೆಯ ಮೇಲೂ ಬಹಳ ದಿನ ಬದುಕಿರುತ್ತದೆ. ಬಿಸಿಲಿಗೆ ಒಣಗಿಸಿದರೆ ಸತ್ತೇ ಹೋಯಿತು ಅಂತ ನಂಬಿಕೊಳ್ಳಬೇಡಿ. ನಮ್ಮ ಬೇಸಿಗೆ ಬಿಸಿಲು ಎಷ್ಟೇ ಜೋರಿದ್ದರೂ ಅದು ಒಲೆಯ ಕೆಲಸ ಮಾಡುವುದಿಲ್ಲ.

ಕೂಡಿಡುವುದರಲ್ಲಿ ನಾನು ಮಾಡಿದ ಮೊದಲ ಎಡವಟ್ಟು ಹೇಳಿಬಿಡುತ್ತೇನೆ. ದಿನಾ ಒಡೆದ ಸಿಪ್ಪೆಯನ್ನು ಹಾಗೇ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಂಟು ಕಟ್ಟಿ, ಅಡುಗೆಮನೆ ಕಟ್ಟೆಯ ಕೆಳಗೆ ಇಟ್ಟೆ. ಶ್ರಾವಣದ ದಿನಗಳು. ಹತ್ತು ದಿನಕ್ಕೆ ಮನೆಯಲ್ಲಿ ಇಲಿ ಸತ್ತಿದೆ ಅಂತ ಎಲ್ಲರೂ ಹುಡುಕಾಡಿದರು. ಚೀಲ ಬಿಚ್ಚಿದರೆ ಕಪ್ಪು ಬೂಸ್ಟು, ಇರುವೆ, ಮತ್ತು ಆ ವಾಸನೆ! ಅವ್ವ ಅಂದದ್ದನ್ನು ಇಲ್ಲಿ ಬರೆಯಲಾರೆ.

ಕೊಳೆತದ್ದು ಸಿಪ್ಪೆಯಲ್ಲ. ಸಿಪ್ಪೆ ಒಂದು ಥರದ ಕಲ್ಲು, ಬಾಗಲಕೋಟೆ, ಲೋಕಾಪುರದ ಕಡೆ ಸಿಗುವ ಸುಣ್ಣದಕಲ್ಲಿನಲ್ಲಿ ಇರುವ ವಸ್ತುವೇ ಇದರಲ್ಲೂ ಇದೆ. ಕಲ್ಲು ಕೊಳೆಯುತ್ತದೆಯೇ? ಕೊಳೆಯುವುದು ಒಳಗೆ ಅಂಟಿದ ಪೊರೆ ಮತ್ತು ಉಳಿದ ಲೋಳೆ. ಅವು ಪ್ರೋಟೀನ್. ತೇವ ಸಿಕ್ಕರೆ ಕೆಡುತ್ತವೆ, ಗಂಧಕದ ವಾಸನೆ ಬಿಡುತ್ತವೆ. ಹಾಗಾಗಿ ಸಿಪ್ಪೆ ಕೂಡಿಡುವುದು ಅಂದರೆ ಪೊರೆಯನ್ನು ಒಣಗಿಸುವ ಕೆಲಸ, ಅಷ್ಟೇ. ಪೊರೆಯನ್ನು ಕಿತ್ತು ತೆಗೆಯುವುದೇನೂ ಬೇಕಿಲ್ಲ, ಒಣಗಿದ್ದರೆ ಕೋಳಿ ಅದನ್ನೂ ತಿನ್ನುತ್ತದೆ. ಬೂಸ್ಟು ಬಂದದ್ದನ್ನು ಮಾತ್ರ ಕೋಳಿಗೆ ಹಾಕಲೇಬಾರದು. ನನ್ನ ಚೀಲ ಗಿಡದ ಬುಡಕ್ಕೆ ಹೋಯಿತು.

ಈಗ ನಮ್ಮ ಮನೆಯಲ್ಲಿ ನಡೆಯುವುದು ಹೀಗೆ. ತತ್ತಿ ಒಡೆದ ತಕ್ಷಣ ಸಿಪ್ಪೆಯನ್ನು ನಲ್ಲಿಯ ಕೆಳಗೆ ಒಮ್ಮೆ ಜಾಲಾಡಿಸುತ್ತೇವೆ. ಲೋಳೆ ಒಣಗಿ ಅಂಟಿಕೊಂಡ ಮೇಲೆ ತೊಳೆಯುವುದು ಕಷ್ಟ. ಬಿದಿರಿನ ಪುಟ್ಟಿಯೊಂದು ಕಿಟಕಿಗೆ ನೇತುಬಿದ್ದಿದೆ, ಅದರಲ್ಲಿ ಹಾಕಿದರೆ ಸುತ್ತಲೂ ಗಾಳಿಯಾಡುತ್ತದೆ. ಈ ಹಂತದಲ್ಲಿ ಡಬ್ಬಿಗೆ ಹಾಕಬಾರದು, ಮುಚ್ಚಳವಂತೂ ಬೇಡವೇ ಬೇಡ. ನಾಲ್ಕೈದು ದಿನದಲ್ಲಿ ಪುಟ್ಟಿ ತುಂಬುತ್ತದೆ.

ಆಮೇಲೆ ಹಂಚು. ಅವ್ವ ರೊಟ್ಟಿ ಬಡಿದು ಮುಗಿಸಿದ ಮೇಲೆ ಹಂಚು ಇನ್ನೂ ಕಾದಿರುತ್ತದೆ. ಅದರ ಮೇಲೆ ಸಿಪ್ಪೆ ಹರವಿ, ಸಣ್ಣ ಉರಿಯಲ್ಲಿ ಹತ್ತು ಹದಿನೈದು ನಿಮಿಷ ಕೈಯಾಡಿಸುತ್ತಾಳೆ. ಮೊದಲು ಒಂದಿಷ್ಟು ಹಬೆ ಬರುತ್ತದೆ. ಆಮೇಲೆ ಪೊರೆ ಸುರುಟಿಕೊಂಡು ಕಂದು ಬಣ್ಣಕ್ಕೆ ತಿರುಗುತ್ತದೆ, ಸಿಪ್ಪೆಗಳು ಒಂದಕ್ಕೊಂದು ತಾಗಿ ಚಿಲಿಚಿಲಿ ಅನ್ನುತ್ತವೆ. ಕೂದಲು ಸುಟ್ಟ ಹಾಗೆ ಸಣ್ಣ ವಾಸನೆ ಬಂತೆಂದರೆ ಸಾಕು, ಇಳಿಸಿಬಿಡಿ. ಹೊಗೆ ಬೇಡ ಅನ್ನುವವರು ಹತ್ತು ನಿಮಿಷ ನೀರಲ್ಲಿ ಕುದಿಸಿ, ಬಸಿದು, ಬಿಸಿಲಲ್ಲಿ ಪೂರ್ತಿ ಒಣಗಿಸಬಹುದು. ಶಾಲೆಯಿಂದ ಬಂದ ಸಿಪ್ಪೆ ಕುದಿಸಿದ್ದೇ ಆದರೂ ನೂರು ಕೈ ತಾಗಿರುತ್ತದೆ, ಅದನ್ನೂ ತೊಳೆದು ಹಂಚಿಗೆ ಹಾಕುತ್ತೇವೆ. ಹಸಿ ಸಿಪ್ಪೆ ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯುವುದನ್ನು ಹೇಳಲೇಬೇಕಿಲ್ಲ.

ಹುರಿದರೆ ಕ್ಯಾಲ್ಸಿಯಂ ಸುಟ್ಟು ಹೋಗಲ್ವಾ ಅಂತ ನನ್ನ ಗೆಳೆಯನೊಬ್ಬ ಕೇಳಿದ. ಹೋಗುವುದಿಲ್ಲ. ಕ್ಯಾಲ್ಸಿಯಂ ಕಾರ್ಬೊನೇಟ್ ಒಡೆದು ಸುಟ್ಟ ಸುಣ್ಣ ಆಗಬೇಕಾದರೆ 800 ಡಿಗ್ರಿಗಿಂತ ಮೇಲಿನ ಕಾವು ಬೇಕು, ಅದಕ್ಕೆ ಸುಣ್ಣದ ಭಟ್ಟಿಯೇ ಆಗಬೇಕು. ರೊಟ್ಟಿ ಹಂಚು ಅದರ ಹತ್ತಿರಕ್ಕೂ ಹೋಗುವುದಿಲ್ಲ.

ಇದೇ ಮಾತಿಗೆ ಸೇರಿಸಿ ಇನ್ನೊಂದು. ಪಕ್ಕದ ಮನೆ ಅಕ್ಕ, "ಇಷ್ಟೆಲ್ಲಾ ಯಾಕ್ರೀ, ಎಲಿ ಅಡಿಕಿ ಸುಣ್ಣ ಒಂಚೂರು ನೀರಾಗ ಕಲಿಸಿ ಇಡ್ರೀ" ಅಂದರು. ಹೆಸರು ಎರಡಕ್ಕೂ ಸುಣ್ಣವೇ, ಗುಣ ಒಂದೇ ಅಲ್ಲ. ಎಲೆಗೆ ಹಚ್ಚುವ ಸುಣ್ಣ ಭಟ್ಟಿಯಲ್ಲಿ ಸುಟ್ಟು ನೀರು ಹಾಕಿ ಅರಳಿಸಿದ್ದು, ಅದು ಸುಡುವ ಕ್ಷಾರ. ಜಾಸ್ತಿ ಹಚ್ಚಿಕೊಂಡರೆ ನಮ್ಮ ನಾಲಿಗೆಯೇ ಸುಡುತ್ತದೆ, ಕೋಳಿಯ ಗಂಟಲು ಏನಾಗಬೇಡ? ಗೋಡೆಯ ಹಳೇ ಸುಣ್ಣದ ಮಾತು ಬೇರೆ. ಅದು ವರ್ಷಗಟ್ಟಲೆ ಗಾಳಿ ಕುಡಿದು ಮತ್ತೆ ಕಾರ್ಬೊನೇಟ್ ಆಗಿರುತ್ತದೆ. ಹಳ್ಳಿಯ ಕೋಳಿಗಳು ಗೋಡೆ ಕುಕ್ಕುತ್ತಿದ್ದದ್ದು ಸುಮ್ನೆ ಅಲ್ಲ.

ಹುರಿದ ಸಿಪ್ಪೆ ಆರಿದ ಮೇಲೆ ಕುಟ್ಟುವುದು. ಕೈಯಲ್ಲಿ ಹಿಸುಕಿದರೆ ಕರುಂ ಅಂತ ಮುರಿಯಬೇಕು. ಬಾಗಿದರೆ ಒಳಗೆ ಇನ್ನೂ ತೇವ ಇದೆ ಅಂತ ಅರ್ಥ, ಮತ್ತೆ ಹಂಚಿಗೆ. ಮಿಕ್ಸರಿಗೆ ಹಾಕಿ ಹಿಟ್ಟು ಮಾಡಬೇಡಿ. ಎಲ್ಲರೂ ಮಾಡುವ ತಪ್ಪು ಇದೇ. ಕೋಳಿಗೆ ಹಲ್ಲಿಲ್ಲ. ಕೋಳಿ ಕೊಯ್ದಾಗ ಒಳಗೆ ಗಟ್ಟಿ ಮಾಂಸದ ಚೀಲವೊಂದು ಸಿಗುತ್ತದಲ್ಲ, ಸೀಳಿದರೆ ಹರಳು ಇರುತ್ತವಲ್ಲ, ಅದೇ ಅದರ ಬೀಸುವ ಕಲ್ಲು. ದಪ್ಪ ಚೂರುಗಳು ಅಲ್ಲಿ ತಾಸುಗಟ್ಟಲೆ ಉಳಿದು ನಿಧಾನಕ್ಕೆ ಕರಗುತ್ತವೆ, ರಾತ್ರಿ ಸಿಪ್ಪೆ ಕಟ್ಟುವ ಹೊತ್ತಿಗೆ ಒದಗುತ್ತವೆ. ಹಿಟ್ಟಾಗಿದ್ದರೆ ಸರ್‍ರನೆ ಮುಂದೆ ಹೋಗಿಬಿಡುತ್ತದೆ. ಜೋಳದ ಕಾಳಿನ ದಪ್ಪಕ್ಕೆ ಕುಟ್ಟಿದರೆ ಸರಿ. ಲಟ್ಟಣಿಗೆ ಉರುಳಿಸಿದರೂ ಸಾಕು. ಸಾಣಿಗೆ ಹಿಡಿದರೆ ಕೆಳಗೆ ಬೀಳುವ ಪುಡಿ ಕರಿಬೇವಿನ ಗಿಡಕ್ಕೆ, ಮೇಲೆ ಉಳಿದದ್ದು ಡಬ್ಬಿಗೆ. ಅರ್ಧರ್ಧ ಹೋಳನ್ನೂ ಹಾಕಬಾರದು. ತತ್ತಿಯ ಆಕಾರ ಗುರುತು ಸಿಗುವ ಹಾಗಿದ್ದರೆ ಕೋಳಿ ಗೂಡಿನಲ್ಲಿರುವ ತತ್ತಿಯನ್ನೇ ಕುಕ್ಕಿ ತಿನ್ನುವ ಚಟ ಕಲಿಯುವ ಭಯ ಇದೆ. ಆ ಚಟ ಹತ್ತಿದ ಕೋಳಿಯನ್ನು ಬಿಡಿಸುವುದು ಬಹಳ ಕಷ್ಟ.

ಡಬ್ಬಿ ಯಾವುದಾದರೂ ಆದೀತು, ಒಣಗಿರಬೇಕು, ಮುಚ್ಚಳ ಬಿಗಿಯಾಗಿರಬೇಕು. ಬಿಸಿ ಇರುವಾಗ ಮುಚ್ಚಿದರೆ ಒಳಗೆ ಬೆವರಿ ಮತ್ತೆ ಅದೇ ಕಥೆ. ಬೇಸಿಗೆಯಲ್ಲಿ ಜಾಸ್ತಿ ಮಾಡಿಟ್ಟುಕೊಂಡರೆ ಮಳೆಗಾಲದ ತಲೆಬಿಸಿ ತಪ್ಪುತ್ತದೆ. ಸರಿಯಾಗಿ ಒಣಗಿದ್ದು ವರ್ಷ ಇಟ್ಟರೂ ಏನೂ ಆಗುವುದಿಲ್ಲ.

ಹಾಕುವಾಗ ಕಾಳಿನಲ್ಲಿ ಬೆರೆಸಬೇಡಿ. ಬೇರೆ ಬಟ್ಟಲಲ್ಲಿ ಇಡಿ. ಯಾವ ಹ್ಯಾಟೆಗೆ ಬೇಕೋ ಅದು ಬಂದು ತಿನ್ನುತ್ತದೆ, ಬೇಡದ್ದು ಮೂಸಿಯೂ ನೋಡುವುದಿಲ್ಲ. ತತ್ತಿ ಇಡುವ ಕೋಳಿಗೆ ಆ ತಿಳಿವಳಿಕೆ ಇರುತ್ತದೆ. ನಮ್ಮವು ಇಳಿಹೊತ್ತಿಗೆ ಬಟ್ಟಲ ಹತ್ತಿರ ಬರುತ್ತವೆ, ಬೆಳಗ್ಗೆ ತಿರುಗಿಯೂ ನೋಡುವುದಿಲ್ಲ. ಹುಂಜಕ್ಕೆ ಇದು ಬೇಡ. ಮರಿಗಳಿಗೆ ಮತ್ತು ಇನ್ನೂ ತತ್ತಿ ಇಡದ ಪಡ್ಡೆಗಳಿಗೆ ಬರೀ ಬೇಡ ಅಲ್ಲ, ಕೆಟ್ಟದ್ದು. ಕ್ಯಾಲ್ಸಿಯಂ ಜಾಸ್ತಿಯಾದರೆ ಎಳೆಯ ಕೋಳಿಯ ಮೂತ್ರಪಿಂಡ ಹಾಳಾಗುತ್ತದೆ. ಮರಿ ಇದ್ದಾಗ ಅವ್ವ ಬಟ್ಟಲನ್ನು ಎರಡು ಇಟ್ಟಿಗೆಯ ಮೇಲೆ ಏರಿಸುತ್ತಾಳೆ, ತಾಯಿಗೆ ನಿಲುಕುತ್ತದೆ, ಮರಿಗೆ ಇಲ್ಲ.

ಸಿಪ್ಪೆ ಸಾಲದಿದ್ದರೆ ಕೋಳಿ ಆಹಾರದ ಅಂಗಡಿಯಲ್ಲಿ ಸಮುದ್ರದ ಚಿಪ್ಪಿನ ಚೂರು, ಸುಣ್ಣದಕಲ್ಲಿನ ಚೂರು ಸಿಗುತ್ತದೆ. ನಾವು ಎರಡನ್ನೂ ಬೆರೆಸಿ ಇಡುತ್ತೇವೆ. ನಮ್ಮ ಕಡೆ ಕಲ್ಲಿಗೇನು ಬರ, ಎಲ್ಲೆಂದರಲ್ಲಿ ಬಿದ್ದಿದೆ ಅಂತ ಕಂಡ ಬಿಳಿ ಕಲ್ಲು ಕುಟ್ಟಿ ಹಾಕಬೇಡಿ. ಇಲ್ಲಿ ಡಾಲಮೈಟ್ ಕೂಡ ಇದೆ, ನೋಡಲು ಹಾಗೇ ಕಾಣುತ್ತದೆ, ಅದರಲ್ಲಿರುವ ಮೆಗ್ನೀಷಿಯಂ ಕೋಳಿಗೆ ಒಳ್ಳೆಯದಲ್ಲ. ಜೊತೆಗೆ ಬಿಸಿಲೂ ಬೇಕು. ಬಿಸಿಲಿನಿಂದ ಸಿಗುವ ಡಿ ವಿಟಮಿನ್ ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಪೂರ್ತಿ ತಗಡು ಹೊದಿಸಿದ ಗೂಡಿನಲ್ಲಿ ದಿನವಿಡೀ ಮುಚ್ಚಿಟ್ಟ ಕೋಳಿಗೆ ಎಷ್ಟು ಸಿಪ್ಪೆ ಹಾಕಿದರೂ ಪ್ರಯೋಜನ ಕಡಿಮೆ.

ಸಿಪ್ಪೆ ಹಾಕಲು ಶುರು ಮಾಡಿದ ಮೇಲೆ ಮೂರನೇ ವಾರಕ್ಕೆ ನಮ್ಮ ತತ್ತಿಗಳು ಗಟ್ಟಿಯಾದವು. ಏಪ್ರಿಲ್ ಬಂತು, ಮತ್ತೆ ತೆಳ್ಳಗಾದವು. ಬಟ್ಟಲು ತುಂಬಿಯೇ ಇತ್ತು. ಈ ಸಲ ತಪ್ಪು ಬಿಸಿಲಿನದು. ಬಾಗಲಕೋಟೆ, ವಿಜಯಪುರದಲ್ಲಿ 40 ಡಿಗ್ರಿ ದಾಟಿದಾಗ ಕೋಳಿ ಬಾಯಿ ತೆರೆದು ಏದುಸಿರು ಬಿಡುತ್ತದೆ. ಕೋಳಿಗೆ ಬೆವರಿಲ್ಲ, ಮೈ ತಂಪು ಮಾಡಿಕೊಳ್ಳಲು ಅದಕ್ಕಿರುವ ದೊಡ್ಡ ದಾರಿ ಅದೇ. ಹಾಗೆ ಉಸಿರು ಬಿಡುವಾಗ ರಕ್ತದಲ್ಲಿನ ಕಾರ್ಬನ್ ಡೈ ಆಕ್ಸೈಡ್ ಜಾಸ್ತಿ ಹೊರಗೆ ಹೋಗುತ್ತದೆ. ಸಿಪ್ಪೆಯ ಕಾರ್ಬೊನೇಟ್ ಪಾಲು ಬರುವುದು ಅದರಿಂದಲೇ. ಕ್ಯಾಲ್ಸಿಯಂ ಇದೆ, ಜೋಡಿ ಇಲ್ಲ. ಮೇಲಿಂದ ಸೆಕೆಗೆ ಮೇವೂ ಕಡಿಮೆ ತಿನ್ನುತ್ತದೆ. ಆಗ ಸಿಪ್ಪೆ ಹೆಚ್ಚಿಸಿ ಲಾಭವಿಲ್ಲ. ಜಾಳಿಗೆಯ ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ಮಣ್ಣಿನ ಪರಿಯಾಣದಲ್ಲಿ ದಿನಕ್ಕೆ ಮೂರು ಸಲ ತಣ್ಣೀರು ಬದಲಿಸಿದೆವು. ಮೇವನ್ನು ಬೆಳಗ್ಗೆ ಬೇಗ ಮತ್ತು ಸಂಜೆ ಹಾಕಿದೆವು.

ಹಾಗೇ, ತತ್ತಿ ತೆಳ್ಳಗಾಗುವುದರ ಜೊತೆ ಕೋಳಿ ಮಂಕಾಗಿ ಕೂತು, ಹಸಿರು ಹಿಕ್ಕೆ ಹಾಕಿ, ಕತ್ತು ತಿರುಚುತ್ತಿದ್ದರೆ ಅದು ಸುಣ್ಣದ ಕೊರತೆಯಲ್ಲ, ಕೊಕ್ಕರೆ ರೋಗ (ರಾಣಿಖೇತ್) ಇರಬಹುದು. ಕಾಯಬೇಡಿ, ಪಶು ವೈದ್ಯರಿಗೆ ತೋರಿಸಿ.

ಮೊದಲು ಸಿಪ್ಪೆಯಿಲ್ಲದ ತತ್ತಿ ಇಟ್ಟ ಆ ಹ್ಯಾಟೆಯ ತತ್ತಿ ಈಗಲೂ ಉಳಿದವುಗಳಷ್ಟು ಗಟ್ಟಿಯಿಲ್ಲ. ಅದಕ್ಕೆ ಮೂರು ವರ್ಷ ದಾಟಿತು. ವಯಸ್ಸಾದಂತೆ ತತ್ತಿ ದೊಡ್ಡದಾಗುತ್ತದೆ, ಸಿಪ್ಪೆಗೆ ಸಿಗುವ ಸುಣ್ಣ ಮಾತ್ರ ಅಷ್ಟೇ ಇರುತ್ತದೆ. ಸಣ್ಣ ಚೆಂಡಿಗೆ ಬಳಿಯುವ ಬಣ್ಣವನ್ನೇ ದೊಡ್ಡ ಚೆಂಡಿಗೆ ಬಳಿದ ಹಾಗೆ. ಅವ್ವ ಅದರ ತತ್ತಿಯನ್ನು ಗುರುತು ಹಿಡಿದು ಬುಟ್ಟಿಯಿಂದ ಬೇರೆ ತೆಗೆದಿಡುತ್ತಾಳೆ. "ಇದನ್ನ ಮಾರೂದು ಬ್ಯಾಡ, ಒಯ್ಯೂದ್ರಾಗ ಒಡೀತೈತಿ. ನಾವ ತಿನ್ನೂಣು." ಅದರ ಸಿಪ್ಪೆ ಹೇಗೂ ಮನೆಯಲ್ಲೇ ಉಳಿಯುತ್ತದೆ.